ಮೊದಲು ವೈದ್ಯ, ಆಮೇಲೆ ಪೊಲೀಸ್, ಕೊನೆಗೆ ಸುಂಕದವನು

ವಿದೇಶದಿಂದ ಬಂದು ದೇವನಹಳ್ಳಿಯಲ್ಲಿ ಇಳಿದವರಿಗೆ ಈ ಕ್ರಮ ಬಾಯಿಪಾಠ. ಉದ್ದದ ಕಾರಿಡಾರ್ ನಡೀಬೇಕು. ಇಮಿಗ್ರೇಷನ್ ಸಾಲಿನಲ್ಲಿ ನಿಲ್ಲಬೇಕು. ಪಾಸ್‌ಪೋರ್ಟಿಗೆ ಸೀಲು ಬಿದ್ದ ಮೇಲೆ ಕೈಚೀಲವನ್ನು ಎಕ್ಸ್‌ರೇ ಮೆಷಿನ್ನಿಗೆ ಹಾಕಬೇಕು. ಬೆಲ್ಟಿನ ಮುಂದೆ ಸೂಟ್‌ಕೇಸಿಗೆ ಕಾಯಬೇಕು. ಕೊನೆಗೆ ಕಸ್ಟಮ್ಸ್‌ನ ಹಸಿರು ದಾರಿ. ಆಮೇಲೆ ಹೊರಗೆ ಬೋರ್ಡು ಹಿಡಿದು ನಿಂತ ಡ್ರೈವರು, ಹೂವು ಹಿಡಿದು ನಿಂತ ನೆಂಟರು.

ಸಾಲು ಉದ್ದವಾಯ್ತು, ಕೌಂಟರ್ ಕಡಿಮೆ ಇತ್ತು ಅಂತ ನಾವೆಲ್ಲ ಗೊಣಗಿದ್ದೇವೆ. ಆದರೆ ಈ ಕ್ರಮವೇ ಯಾಕೆ ಅಂತ ಯಾರಾದರೂ ಕೇಳಿದ್ದೀರಾ? ಪಾಸ್‌ಪೋರ್ಟ್ ಮೊದಲು, ಪೆಟ್ಟಿಗೆ ಆಮೇಲೆ ಅಂತ ತೀರ್ಮಾನ ಮಾಡಿದವರು ಯಾರು? ಇದನ್ನು ಉಲ್ಟಾ ಮಾಡಿದರೆ ಏನಾಗುತ್ತೆ? ಒಂದು ಮೇಜನ್ನು ತೆಗೆದೇ ಬಿಟ್ಟರೆ?

ನನ್ನ ಉತ್ತರ ಕೇಳಿ. ಈ ಕ್ರಮವನ್ನು ಯಾರೂ ಕೂತು ಬರೆದಿಲ್ಲ. ಒಂದೊಂದು ಕಾಲದಲ್ಲಿ ಒಂದೊಂದು ಹೆದರಿಕೆ ಬಂತು. ಪ್ರತಿ ಹೆದರಿಕೆಯೂ ಒಂದೊಂದು ಮೇಜು ಹಾಕಿ ಹೋಯಿತು. ಆ ಮೇಜುಗಳ ಮುಂದೆ ನಾವು ಇವತ್ತೂ ನಿಂತಿದ್ದೇವೆ.

ಎಲ್ಲಕ್ಕಿಂತ ಹಳೆಯ ಮೇಜು ಸುಂಕದವನದು. ‘ಸುಂಕದವನ ಮುಂದೆ ಸುಖ ದುಃಖ ಹೇಳಿಕೊಂಡ ಹಾಗೆ’ ಅಂತ ನಮ್ಮಲ್ಲಿ ಗಾದೆಯೇ ಇದೆಯಲ್ಲ, ಅದು ಸುಮ್ಮನೆ ಹುಟ್ಟಿದ್ದಲ್ಲ. ಚಾಲುಕ್ಯರ ಕಾಲದ ಶಾಸನಗಳಲ್ಲಿ ಹೆಜ್ಜುಂಕ ಬರುತ್ತದೆ, ವಡ್ಡರಾವುಳ ಬರುತ್ತದೆ, ಅದನ್ನು ವಸೂಲು ಮಾಡೋ ಸುಂಕವೆರ್ಗಡೆಗಳು ಬರುತ್ತಾರೆ. ಇನ್ನೂ ಹಿಂದಕ್ಕೆ ಹೋದರೆ ಕೌಟಿಲ್ಯನ ಅರ್ಥಶಾಸ್ತ್ರ. ಅದರ ಓಲೆಗರಿ ಸಿಕ್ಕಿದ್ದು ನಮ್ಮ ಮೈಸೂರಿನಲ್ಲಿ. 1905ರಲ್ಲಿ ಓರಿಯಂಟಲ್ ಲೈಬ್ರರಿಯಲ್ಲಿದ್ದ ಆರ್. ಶಾಮಾಶಾಸ್ತ್ರಿಗಳ ಕೈಗೆ ಬಂತು, 1909ರಲ್ಲಿ ಅಚ್ಚಾಯಿತು. ಅದರಲ್ಲಿ ಶುಲ್ಕಾಧ್ಯಕ್ಷ ಅಂತ ಒಬ್ಬ ಅಧಿಕಾರಿ ಇದ್ದಾನೆ. ಊರ ಮಹಾದ್ವಾರದ ಹತ್ತಿರ ಅವನ ಸುಂಕದ ಕಟ್ಟೆ, ಅದರ ಮೇಲೊಂದು ಬಾವುಟ. ಬಂದ ವರ್ತಕರ ಬಗ್ಗೆ ಅವನ ಆಳುಗಳು ಏನು ಬರೆದುಕೊಳ್ಳಬೇಕು ಗೊತ್ತಾ? ಯಾರು, ಎಲ್ಲಿಂದ ಬಂದರು, ಎಷ್ಟು ಸರಕಿದೆ, ಮೊದಲ ಮುದ್ರೆ ಬಿದ್ದದ್ದು ಎಲ್ಲಿ. ವಿಮಾನದಲ್ಲಿ ನಮ್ಮ ಕೈಗೆ ಕೊಡ್ತಿದ್ದ ಆ ಚೀಟಿ ನೆನಪಾಯಿತಾ?

ಅದೇ ಪುಸ್ತಕದಲ್ಲಿ ಮುದ್ರಾಧ್ಯಕ್ಷ ಅಂತ ಇನ್ನೊಬ್ಬನಿದ್ದಾನೆ. ಒಂದು ಮಾಷ ಕೊಟ್ಟರೆ ಮುದ್ರೆ ಹಾಕಿದ ರಹದಾರಿ ಕೊಡುತ್ತಾನೆ. ಅದಿದ್ದರೆ ದೇಶದ ಒಳಗೆ ಬರಬಹುದು, ಹೊರಗೆ ಹೋಗಬಹುದು. ಇಲ್ಲದೆ ಸಿಕ್ಕಿಬಿದ್ದರೆ ದಂಡ. ಅಂದರೆ ಸುಂಕದವನು ಬೇರೆ, ರಹದಾರಿಯವನು ಬೇರೆ. ಎರಡು ಇಲಾಖೆ, ಎರಡು ಮೇಜು. ಈ ಜಗಳ ನಿನ್ನೆ ಮೊನ್ನೆಯದಲ್ಲ!

ಆದರೂ ಬಂದರುಗಳಲ್ಲಿ ನೂರಾರು ವರ್ಷ ನಡೆದದ್ದು ಸುಂಕದವನ ಆಟವೇ. 1442ರಲ್ಲಿ ಹೆರಾತ್‌ನ ರಾಯಭಾರಿ ಅಬ್ದುರ್ ರಜಾಕ್ ಕಲ್ಲಿಕೋಟೆಯಲ್ಲಿ ಹಡಗಿನಿಂದ ಇಳಿದ. ಅಲ್ಲಿಂದ ಮಂಗಳೂರಿನ ಮೇಲೆ ವಿಜಯನಗರಕ್ಕೆ ಬಂದು ಎರಡನೇ ದೇವರಾಯನನ್ನು ಕಂಡವನು ಇವನೇ. ಕಲ್ಲಿಕೋಟೆಯ ಸುಂಕದವರ ಬಗ್ಗೆ ಅವನು ಬರೆದಿಟ್ಟದ್ದು ಬಹಳ ಸ್ವಾರಸ್ಯವಾಗಿದೆ. ವರ್ತಕ ಸರಕು ಇಳಿಸಿದರೆ ಅದನ್ನು ಕಾಯುವ ಹೊಣೆ ಅಧಿಕಾರಿಗಳದು. ಮಾರಾಟವಾದರೆ ನಲವತ್ತರಲ್ಲಿ ಒಂದು ಪಾಲು ಸುಂಕ. ಮಾರಾಟವಾಗದಿದ್ದರೆ ಏನೂ ಇಲ್ಲ. ಮೊದಲು ವ್ಯಾಪಾರ, ಆಮೇಲೆ ಸುಂಕ. ಕ್ರಮ ಬದಲಾಯಿಸಬಹುದು ಅನ್ನೋದಕ್ಕೆ ಸಾಕ್ಷಿ ಬೇಕಿದ್ದರೆ, ನಮ್ಮ ಪಶ್ಚಿಮ ಕರಾವಳಿಯಲ್ಲೇ ಇದೆ.

ಸುಂಕದವನಿಗಿಂತ ಮುಂದೆ ಬಂದು ಕೂತವನು ವೈದ್ಯ. 1377ರಲ್ಲಿ, ಇವತ್ತಿನ ಕ್ರೊಯೇಷಿಯಾದ ಡುಬ್ರೊವ್ನಿಕ್ ಇದೆಯಲ್ಲ, ಆಗ ಅದು ರಗೂಸಾ ಅನ್ನೋ ನಗರರಾಜ್ಯ, ಅಲ್ಲೊಂದು ಕಾನೂನು ಬಂತು. ಪ್ಲೇಗು ಇರುವ ಊರಿನಿಂದ ಬಂದವರು ಊರ ಹೊರಗೆ 30 ದಿನ ಇರಬೇಕು, ಆಮೇಲೆ ಒಳಗೆ. ವೆನಿಸ್‌ನವರು 1423ರಲ್ಲಿ ಒಂದು ದ್ವೀಪದ ಮೇಲೆ ಪ್ಲೇಗಿನವರಿಗಾಗಿ ಆಸ್ಪತ್ರೆಯನ್ನೇ ಕಟ್ಟಿದರು. 30 ದಿನ 40 ಆಯಿತು. ಇಟಲಿಯವರ ಆ ನಲವತ್ತರಿಂದಲೇ ಕ್ವಾರಂಟೈನ್ ಅನ್ನೋ ಪದ ಬಂತು. ಅಲ್ಲಿಂದ ಮುಂದೆ ಹಡಗಿಗೆ ಆರೋಗ್ಯದ ಅಪ್ಪಣೆ ಸಿಗೋವರೆಗೆ ಯಾರೂ ದಡಕ್ಕೆ ಕಾಲಿಡುವ ಹಾಗಿಲ್ಲ ಅನ್ನೋ ಪದ್ಧತಿ ಬೇರೂರಿತು. ಸುಂಕ, ಸರಕು, ನೆಂಟರು ಎಲ್ಲ ಆಮೇಲೆ.

ಇದರ ಬಿಸಿ ನಮಗೂ ತಟ್ಟಿತು. 1896ರಲ್ಲಿ ಬಾಂಬೆಗೆ ಪ್ಲೇಗು ಬಂತು. ಮರುವರ್ಷ ವೆನಿಸ್‌ನಲ್ಲಿ ದೇಶಗಳೆಲ್ಲ ಸೇರಿ ಪ್ಲೇಗಿನ ಬಗ್ಗೆ ಅಂತಾರಾಷ್ಟ್ರೀಯ ಒಪ್ಪಂದ ಮಾಡಿಕೊಂಡವು. ಭಾರತದ ಹಡಗು ಅಂದರೆ ಅನುಮಾನ, ಭಾರತದ ಪ್ರಯಾಣಿಕ ಅಂದರೆ ಇನ್ನೂ ಅನುಮಾನ. ಹಜ್‌ಗೆ ಹೊರಟವರನ್ನು ಕೆಂಪು ಸಮುದ್ರದ ಕಮರಾನ್ ದ್ವೀಪದಲ್ಲಿ ಇಳಿಸಿ, ಬಟ್ಟೆಬರೆಗೆ ಔಷಧಿ ಹಾಕಿಸಿ, ದಿನಗಟ್ಟಲೆ ಕೂರಿಸುವ ಪದ್ಧತಿಯಂತೂ ಅದಕ್ಕೂ ಮೊದಲೇ ಇತ್ತು.

ಇದೇ ಹೊತ್ತಿಗೆ ನ್ಯೂಯಾರ್ಕಿನಲ್ಲಿ ಏನು ನಡೀತಿತ್ತು ನೋಡಿ. ನನ್ನ ಇಡೀ ವಾದ ನಿಂತಿರೋದು ಇದರ ಮೇಲೆ. 1892ರ ಜನವರಿ 1ರಂದು ಎಲ್ಲಿಸ್ ದ್ವೀಪದಲ್ಲಿ ವಲಸಿಗರ ಕೇಂದ್ರ ತೆರೆಯಿತು. ಹಡಗು ಬಂದರಿಗೆ ಬಂದಾಗ ಮೊದಲ ಮತ್ತು ಎರಡನೇ ದರ್ಜೆಯವರನ್ನು ಹಡಗಿನಲ್ಲೇ ಮೇಲುಮೇಲಕ್ಕೆ ನೋಡುತ್ತಿದ್ದರು. ‘ಸರಿ, ಹೊರಡಿ.’ ಅವರು ನೇರ ದಡಕ್ಕಿಳಿದು, ಸುಂಕದವರ ಮುಂದೆ ಪೆಟ್ಟಿಗೆ ತೋರಿಸಿ, ಊರೊಳಗೆ ಹೋಗುತ್ತಿದ್ದರು. ಹಡಗಿನ ಹೊಟ್ಟೆಯಲ್ಲಿ ಬಂದ ಬಡವರನ್ನು ಮಾತ್ರ ದೋಣಿಗೆ ತುಂಬಿಸಿ ದ್ವೀಪಕ್ಕೆ ಒಯ್ಯುತ್ತಿದ್ದರು. ಅವರು ಮೆಟ್ಟಿಲು ಹತ್ತುವಾಗ ವೈದ್ಯರು ನಿಂತು ನೋಡೋರು. ಏದುಸಿರು ಬಿಟ್ಟರೆ ಕೋಟಿನ ಮೇಲೆ ಸೀಮೆಸುಣ್ಣದಲ್ಲಿ ‘ಎಚ್’, ಅಂದರೆ ಹೃದಯದ ಅನುಮಾನ. ಕುಂಟಿದರೆ ‘ಎಲ್’. ಕಣ್ಣು ಕೆಂಪಾಗಿದ್ದರೆ ‘ಇ’. ಒಬ್ಬೊಬ್ಬರಿಗೆ ಕೆಲವೇ ಸೆಕೆಂಡು. ರೋಗ ಟಿಕೆಟ್ ದರ್ಜೆ ನೋಡಿ ಬರುತ್ತಾ, ಸ್ವಾಮಿ? ಬರಲ್ಲ. ಆದರೆ ತಪಾಸಣೆಯ ಕ್ರಮವನ್ನು ಟಿಕೆಟ್ ದರ್ಜೆ ನೋಡಿಯೇ ಮಾಡಿದ್ದರು.

ಇಷ್ಟೆಲ್ಲ ಆದರೂ ಇನ್ನೂ ಪಾಸ್‌ಪೋರ್ಟಿನವನು ಬಂದಿಲ್ಲ, ಗಮನಿಸಿ. 1914ಕ್ಕೆ ಮೊದಲು ಯುರೋಪಿನ ಬಹುಪಾಲು ಗಡಿಗಳನ್ನು ಪಾಸ್‌ಪೋರ್ಟ್ ಇಲ್ಲದೆ ದಾಟಬಹುದಿತ್ತು. ಮೊದಲ ಮಹಾಯುದ್ಧ ಶುರುವಾಯಿತು ನೋಡಿ, ಗೂಢಚಾರರ ಭಯ ಹಿಡಿಯಿತು. ಪ್ರತಿ ದೇಶವೂ ಗಡಿಯಲ್ಲಿ ಮೇಜು ಹಾಕಿತು. ಯುದ್ಧ ಮುಗಿದ ಮೇಲೆ 1920ರಲ್ಲಿ ಪ್ಯಾರಿಸ್ಸಿನಲ್ಲಿ ಲೀಗ್ ಆಫ್ ನೇಷನ್ಸ್ ಸಭೆ ಸೇರಿತು. ಮೇಜು ತೆಗೆಯಲಿಲ್ಲ, ಪಾಸ್‌ಪೋರ್ಟ್ ಪುಸ್ತಕ ಎಷ್ಟು ಪುಟ ಇರಬೇಕು, ಹೇಗಿರಬೇಕು ಅಂತ ನಮೂನೆ ಮಾಡಿಕೊಟ್ಟಿತು. ಅದೇ ವರ್ಷ ಬ್ರಿಟಿಷ್ ಇಂಡಿಯಾದಲ್ಲೂ ಪಾಸ್‌ಪೋರ್ಟ್ ಕಾಯ್ದೆ ಬಂತು.

ನಮ್ಮ ಕಥೆಯಲ್ಲಿ ಇದಕ್ಕಿಂತ ಕಹಿಯಾದ ಅಧ್ಯಾಯವೊಂದಿದೆ. 1914ರ ಮೇ ತಿಂಗಳಲ್ಲಿ ಕೊಮಗಾಟಾ ಮಾರು ಹಡಗು 376 ಜನರನ್ನು ಹೊತ್ತು ಕೆನಡಾದ ವ್ಯಾಂಕೂವರ್ ಮುಟ್ಟಿತು. ಬಹುಪಾಲು ಪಂಜಾಬಿನವರು. ಕೆನಡಾದಲ್ಲಿ ಆಗೊಂದು ನಿಯಮ: ಹುಟ್ಟಿದ ದೇಶದಿಂದ ಎಲ್ಲೂ ನಿಲ್ಲದೆ ಒಂದೇ ಪ್ರಯಾಣದಲ್ಲಿ, ಒಂದೇ ಟಿಕೆಟ್‌ನಲ್ಲಿ ಬಂದವರಿಗೆ ಮಾತ್ರ ಪ್ರವೇಶ. ಭಾರತದಿಂದ ಅಲ್ಲಿಗೆ ನೇರ ಹಡಗಿನ ವ್ಯವಸ್ಥೆಯೇ ಇರಲಿಲ್ಲ! ‘ಭಾರತೀಯರು ಬೇಡ’ ಅಂತ ಎಲ್ಲೂ ಬರೆಯದೆ ಭಾರತೀಯರನ್ನು ತಡೆದ ನಿಯಮ ಅದು. ಎರಡು ತಿಂಗಳು ಹಡಗು ನೀರಿನಲ್ಲೇ ನಿಂತಿತು. ಬೆರಳೆಣಿಕೆಯಷ್ಟು ಜನರನ್ನು ಬಿಟ್ಟು ಉಳಿದವರನ್ನು ವಾಪಸ್ ಕಳಿಸಿದರು. ಸೆಪ್ಟೆಂಬರ್ 29ಕ್ಕೆ ಕಲ್ಕತ್ತಾದ ಹತ್ತಿರ ಬಜ್ ಬಜ್‌ಗೆ ಬಂದಿಳಿದಾಗ ಸ್ವಾಗತ ಮಾಡಿದ್ದು ಪೊಲೀಸರ ಗುಂಡು. ಸುಮಾರು 20 ಜನ ಸತ್ತರು.

ಆ ಗುಂಡಿಗೆ ಕಾನೂನಿನ ಬಲ ಎಲ್ಲಿಂದ ಬಂತು? ಅದೇ ತಿಂಗಳ ಮೊದಲ ವಾರದಲ್ಲಿ ಸರ್ಕಾರ ಒಂದು ಸುಗ್ರೀವಾಜ್ಞೆ ಹೊರಡಿಸಿತ್ತು. ಇನ್ನು ಮುಂದೆ ಭಾರತದೊಳಗೆ ಬರುವ ಯಾರನ್ನೇ ಆಗಲಿ ತಡೆದು ನಿರ್ಬಂಧಿಸಬಹುದು ಅಂತ. ಗುರಿ ವಿದೇಶಿಯರಲ್ಲ, ಅಮೆರಿಕ, ಕೆನಡಾಗಳಿಂದ ಮನೆಗೆ ಮರಳುತ್ತಿದ್ದ ಗದರ್ ಚಳವಳಿಯ ಭಾರತೀಯರು. ಸ್ವಂತ ಊರಿಗೆ ಬರೋವನನ್ನೇ ‘ನೀನ್ಯಾರು’ ಅಂತ ಅನುಮಾನದಿಂದ ಕೇಳುವ ಮೇಜು ನಮ್ಮಲ್ಲಿ ಗಟ್ಟಿಯಾಗಿ ಕೂತದ್ದು ಹೀಗೆ. ಕೂರಿಸಿದ್ದು ಬ್ರಿಟಿಷರು, ಕಾರಣ ಸ್ವಾತಂತ್ರ್ಯ ಹೋರಾಟದ ಹೆದರಿಕೆ. ಸ್ವತಂತ್ರ ಭಾರತ ಆ ಮೇಜನ್ನು ಹಾಗೇ ಎತ್ತಿಕೊಂಡಿತು. 1971ರಲ್ಲಿ ಬ್ಯೂರೋ ಆಫ್ ಇಮಿಗ್ರೇಷನ್ ಆಯಿತು. ಭಯೋತ್ಪಾದನೆಯ ಕಾಲದಲ್ಲಿ ಆ ಮೇಜು ಬೇಡ ಅಂತ ನಾನೂ ಹೇಳಲ್ಲ. ಅದರ ಜಾತಕ ಗೊತ್ತಿರಲಿ ಅಂತಷ್ಟೇ.

ಇನ್ನು ವಿಮಾನ. ಲಂಡನ್-ಪ್ಯಾರಿಸ್ ನಡುವೆ 1919ರಲ್ಲಿ ದಿನವಹಿ ವಿಮಾನ ಶುರುವಾದಾಗ ಬಂದರಿನ ಪದ್ಧತಿಯನ್ನೇ ಹೊತ್ತು ತಂದು ಹುಲ್ಲುಗಾವಲಿನಲ್ಲಿ ಇಟ್ಟರು. ಹೆಸರೂ ಅದೇ, ಏರ್‌ಪೋರ್ಟ್, ಗಾಳಿಯ ಬಂದರು. 1944ರ ಷಿಕಾಗೋ ಒಪ್ಪಂದದಲ್ಲಿ ಸುಂಕ, ವಲಸೆ, ರೋಗ ತಡೆ ಎಲ್ಲಕ್ಕೂ ಒಂದೊಂದು ವಿಧಿ ಬಂತು. 1949ರಲ್ಲಿ ಅದರ ಒಂಬತ್ತನೇ ಅನುಬಂಧ ಸೇರಿತು. ಪ್ರಯಾಣಿಕರನ್ನು ಬೇಗ ಬಿಡೋದು ಹೇಗೆ ಅನ್ನೋದೇ ಅದರ ವಿಷಯ. ಆದರೆ ಹಡಗಿಗೂ ವಿಮಾನಕ್ಕೂ ಒಂದು ವ್ಯತ್ಯಾಸವಿತ್ತು. ವಿಮಾನದಲ್ಲಿ ಮನುಷ್ಯ ಮೊದಲು ಇಳೀತಾನೆ, ಪೆಟ್ಟಿಗೆ ಆಮೇಲೆ ಬರುತ್ತೆ. ಪೆಟ್ಟಿಗೆ ಬರೋವರೆಗೆ ಅವನನ್ನು ಏನು ಮಾಡೋದು? ಪಾಸ್‌ಪೋರ್ಟ್ ಸಾಲಿನಲ್ಲಿ ನಿಲ್ಲಿಸೋದು. ‘ನೀನ್ಯಾರು’ ಮೊದಲು, ‘ಏನು ತಂದೆ’ ಕೊನೆಗೆ ಅನ್ನೋ ಕ್ರಮಕ್ಕೆ ಇವತ್ತು ಉಳಿದಿರುವ ಪ್ರಾಯೋಗಿಕ ಕಾರಣ ಇದು, ಅಷ್ಟೇ. ಹ್ಯೂಸ್ಟನ್ ವಿಮಾನ ನಿಲ್ದಾಣದ ಬಗ್ಗೆ ಒಂದು ಕಥೆ ಹೇಳ್ತಾರೆ. ಬ್ಯಾಗು ತಡ ಅಂತ ದೂರು ಬಂದಾಗ ಅವರು ಗೇಟನ್ನೇ ದೂರಕ್ಕೆ ಹಾಕಿ ಜನರನ್ನು ಜಾಸ್ತಿ ನಡೆಸಿದರಂತೆ. ಬ್ಯಾಗು ಬರೋ ಹೊತ್ತು ಅದೇ, ದೂರು ಮಾತ್ರ ನಿಂತುಹೋಯಿತು. ದೇವನಹಳ್ಳಿಯ ಕಾರಿಡಾರ್ ನೋಡಿದಾಗೆಲ್ಲ ನನಗೆ ಇದೇ ನೆನಪಾಗುತ್ತೆ.

ಕೊನೆಯ ಮೇಜಿಗೆ ಹೊಸ ಜೀವ ಕೊಟ್ಟದ್ದು ಚಿನ್ನ. 1960ರ ದಶಕದಲ್ಲಿ ಚಿನ್ನ ನಿಯಂತ್ರಣ ಬಂತು, 1968ರಲ್ಲಿ ಪೂರ್ತಿ ಕಾಯ್ದೆಯಾಯಿತು, ತೆಗೆದದ್ದು 1990ರಲ್ಲಿ. ಆ ಕಾಲದಲ್ಲಿ ಬೆಂಗಳೂರಿನವರು, ಕರಾವಳಿಯವರು ಬಾಂಬೆಯಲ್ಲೋ ಮದ್ರಾಸಿನಲ್ಲೋ ಇಳಿದು ರೈಲು, ಬಸ್ಸು ಹಿಡಿದು ಊರಿಗೆ ಬರಬೇಕಿತ್ತು. ಗಲ್ಫ್‌ನಿಂದ ಬಂದವನ ಪೆಟ್ಟಿಗೆ ಬಿಚ್ಚಿ, ಹೆಂಡತಿಗೆ ತಂದ ಸೀರೆ, ತಂಗಿ ಮದುವೆಗೆ ತಂದ ಬಳೆ, ಟೂ-ಇನ್-ಒನ್ ರೇಡಿಯೋ ಎಲ್ಲವನ್ನೂ ಮೇಜಿನ ಮೇಲೆ ಹರಡೋರು. ಬಿಟ್ಟರೆ ಪೆಟ್ಟಿಗೆ ಮೇಲೆ ಸೀಮೆಸುಣ್ಣದ ಗುರುತು. ಎಲ್ಲಿಸ್ ದ್ವೀಪದಲ್ಲಿ ಗುರುತು ಬಿದ್ದವನು ನಿಲ್ಲಬೇಕಿತ್ತು. ಇಲ್ಲಿ ಗುರುತು ಬಿದ್ದವನು ಹೋಗಬಹುದಿತ್ತು. ಅಷ್ಟೇ ವ್ಯತ್ಯಾಸ. ಕೆಂಪು ದಾರಿ, ಹಸಿರು ದಾರಿ ಅನ್ನೋ ಪದ್ಧತಿ ಬಂದ ಮೇಲೆ ಎಷ್ಟೋ ಸಲೀಸಾಯಿತು. ‘ನನ್ನ ಹತ್ತಿರ ಸುಂಕದ ವಸ್ತು ಇಲ್ಲ’ ಅಂತ ಕಾಲಿನಲ್ಲೇ ಹೇಳಿ ನಡೆದುಹೋಗೋದು. ಸರ್ಕಾರ ಪ್ರಜೆಯನ್ನು ನಂಬಿ ನೋಡಿದ ಮೊದಲ ಕ್ರಮ ಅದು.

ಹಾಗಾದರೆ ಈ ಕ್ರಮವನ್ನು ಯಾರೂ ಬದಲಾಯಿಸಲೇ ಇಲ್ಲವಾ? ಬದಲಾಯಿಸಿದ್ದಾರೆ. 1924ರಲ್ಲೇ ಅಮೆರಿಕ ತಪಾಸಣೆಯನ್ನು ತನ್ನ ದಡದಿಂದ ಎತ್ತಿ ಹೊರದೇಶಗಳ ಕಾನ್ಸುಲೇಟ್‌ಗಳಿಗೆ ಸಾಗಿಸಿತು. ಎಲ್ಲಿಸ್ ದ್ವೀಪದ ಜನಸಂದಣಿ ಕರಗಿಹೋಯಿತು. ವೀಸಾ ಸಂದರ್ಶನಕ್ಕೆ ನಮ್ಮವರು ರಾತ್ರಿ ಬಸ್ಸು ಹತ್ತಿ ಚೆನ್ನೈಗೆ ಹೋಗಿ ನಿಲ್ಲುತ್ತಿದ್ದರಲ್ಲ, ಅದು ನಿಜವಾಗಿ ನ್ಯೂಯಾರ್ಕಿನ ಸಾಲೇ. 1952ರಲ್ಲಿ ಟೊರಾಂಟೋ ನಿಲ್ದಾಣದಲ್ಲೇ ಅಮೆರಿಕದ ಅಧಿಕಾರಿಗಳು ಕೂತು, ವಿಮಾನ ಹತ್ತುವ ಮೊದಲೇ ಪ್ರಯಾಣಿಕರನ್ನು ತಪಾಸಣೆ ಮಾಡತೊಡಗಿದರು. ಐರ್ಲೆಂಡಿನ ಶಾನನ್‌ನಲ್ಲಿ 2009ರಿಂದ, ಅಬುಧಾಬಿಯಲ್ಲಿ 2014ರಿಂದ ಪಾಸ್‌ಪೋರ್ಟು, ಸುಂಕ ಎರಡೂ ಅಲ್ಲೇ ಮುಗಿಯುತ್ತವೆ. ಬೆಂಗಳೂರಿನಿಂದ ಅಬುಧಾಬಿ ಮೇಲೆ ಅಮೆರಿಕಕ್ಕೆ ಹೋದವರಿಗೆ ಗೊತ್ತು, ಅಲ್ಲಿ ಇಳಿದಾಗ ಹುಬ್ಬಳ್ಳಿಯಲ್ಲಿ ಇಳಿದ ಹಾಗೆ ಸೀದಾ ಹೊರಗೆ ನಡೆಯಬಹುದು.

ನಮ್ಮಲ್ಲೂ ಸದ್ದಿಲ್ಲದೆ ಇದೇ ಆಗಿದೆ. 2025ರವರೆಗೆ ಜಾರಿಯಲ್ಲಿದ್ದ 2000ದ ಕಾಯ್ದೆಯ ಪ್ರಕಾರ ಸರಿಯಾದ ದಾಖಲೆ ಇಲ್ಲದವರನ್ನು ಹತ್ತಿಸಿಕೊಂಡು ಬಂದರೆ ವಿಮಾನ ಕಂಪನಿಗೆ ತಲೆಗೆ ಒಂದು ಲಕ್ಷ ರೂಪಾಯಿ ದಂಡ ಬೀಳುತ್ತಿತ್ತು. ಹಾಗಾಗಿ ದುಬೈಯ ಚೆಕ್-ಇನ್ ಹುಡುಗಿಯೇ ನಮ್ಮ ಮೊದಲ ಇಮಿಗ್ರೇಷನ್ ಅಧಿಕಾರಿ. ಪ್ರಯಾಣಿಕರ ಪಟ್ಟಿಯನ್ನು ಕಂಪನಿಗಳು ಮುಂಚೆಯೇ ಕಳಿಸುತ್ತವೆ. ನೀವು ಸಾಲಿನಲ್ಲಿ ನಿಲ್ಲುವ ಹೊತ್ತಿಗೆ ನಿಮ್ಮ ಹೆಸರು ಒಳಗಿರುವವರಿಗೆ ಗೊತ್ತಿದೆ. ಮತ್ತೆ ಎಲ್ಲರನ್ನೂ ಯಾಕೆ ನಿಲ್ಲಿಸಬೇಕು? ಅನುಮಾನ ಇರುವವರನ್ನು ನಿಲ್ಲಿಸಿ, ಉಳಿದವರನ್ನು ಬಿಡಿ. ಚೆಕ್-ಇನ್ ಬ್ಯಾಗನ್ನು ಬೆಲ್ಟಿಗೆ ಬರುವ ಮೊದಲೇ ಸ್ಕ್ಯಾನ್ ಮಾಡಬಹುದು. ಅದರ ಜೊತೆಗೆ ಇಮಿಗ್ರೇಷನ್ ದಾಟಿದ ತಕ್ಷಣ ಪ್ರತಿಯೊಬ್ಬರ ಕೈಚೀಲ ಮೆಷಿನ್ನಿಗೆ ಹಾಕಿಸಿ ಇನ್ನೊಂದು ಸಾಲು ಮಾಡೋದು ಯಾವ ಪುರುಷಾರ್ಥಕ್ಕೆ?

ಬದಲಾಗದಿರೋದಕ್ಕೆ ಕಾರಣ ತಂತ್ರಜ್ಞಾನ ಅಲ್ಲ. ಇಮಿಗ್ರೇಷನ್ ಗೃಹ ಸಚಿವಾಲಯದ್ದು. ಕಸ್ಟಮ್ಸ್ ಹಣಕಾಸಿನದ್ದು. ವೈದ್ಯರು ಆರೋಗ್ಯ ಸಚಿವಾಲಯದವರು. ಕಟ್ಟಡ ಇನ್ನೊಬ್ಬರದು. ಸಿಂಗಪುರ 2003ರಲ್ಲಿ ವಲಸೆ ತಪಾಸಣೆ ಮತ್ತು ಗಡಿಯ ಸುಂಕ ತಪಾಸಣೆ ಎರಡನ್ನೂ ಒಂದೇ ಸಂಸ್ಥೆಗೆ ಕೊಟ್ಟಿತು. ನಮ್ಮಲ್ಲಿ ಶುಲ್ಕಾಧ್ಯಕ್ಷ, ಮುದ್ರಾಧ್ಯಕ್ಷ ಇನ್ನೂ ಬೇರೆ ಬೇರೆ.

ವೈದ್ಯನ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡ್ತೀನಿ. ಮೊದಲ ಸ್ಥಾನದಲ್ಲಿದ್ದ ಅವನನ್ನು ನಾವು ಬಹುತೇಕ ಮರೆತೇಬಿಟ್ಟಿದ್ದೆವು. ಆಫ್ರಿಕಾದಿಂದ ಬಂದವರ ಹಳದಿ ಜ್ವರದ ಕಾರ್ಡು ನೋಡೋದಷ್ಟೇ ಅವನ ಕೆಲಸ ಅನ್ನೋ ಹಾಗೆ. 2020ರಲ್ಲಿ ಅವನು ಥರ್ಮಾಮೀಟರ್ ಹಿಡಿದು ಮತ್ತೆ ಬಾಗಿಲಿಗೆ ಬಂದ. ಕೋವಿಡ್‌ಗೆ ದೇಶದಲ್ಲಿ ಮೊದಲು ಬಲಿಯಾದವರು ನಮ್ಮ ಕಲಬುರಗಿಯ ಹಿರಿಯರೊಬ್ಬರು. ಸೌದಿಯಿಂದ ಬಂದು ಹೈದರಾಬಾದಿನಲ್ಲಿ ಇಳಿದಾಗ ಅವರಿಗೆ ರೋಗಲಕ್ಷಣವೇ ಇರಲಿಲ್ಲ. 1377ರ ರಗೂಸಾದವರಿಗೆ ಗೊತ್ತಿದ್ದ ಸತ್ಯ ಇದು: ಬಾಗಿಲಲ್ಲಿ ಮುಖ ನೋಡಿದರೆ ರೋಗ ಗೊತ್ತಾಗಲ್ಲ, ಕಾಯಬೇಕು. ಆಮೇಲೆ ನಾವೂ ಕೈ ಮೇಲೆ ಸೀಲು ಹೊಡೆದು ಮನೆಯಲ್ಲಿರಿ ಅಂತ ಕಳಿಸಿದೆವು. ಕೋಟಿನ ಮೇಲಿನ ಸೀಮೆಸುಣ್ಣ ಚರ್ಮದ ಮೇಲಿನ ಶಾಯಿಯಾಯಿತು.

ಈಗ ದರ್ಜೆಯ ಮಾತಿಗೆ ಬರೋಣ. 2025ರ ಮಾರ್ಚ್‌ನಲ್ಲಿ ಕೆಂಪೇಗೌಡ ನಿಲ್ದಾಣದಲ್ಲಿ ದುಬೈನಿಂದ ಬಂದ ಚಿತ್ರನಟಿಯೊಬ್ಬರ ಬಳಿ 14.2 ಕೆಜಿ ಚಿನ್ನ ಸಿಕ್ಕಿತು ಅಂತ ಡಿಆರ್‌ಐ ಹೇಳಿತು. ನಾವೆಲ್ಲ ದಿನಗಟ್ಟಲೆ ತೋರಿಸಿದೆವು. ಪ್ರಕರಣ ನ್ಯಾಯಾಲಯದ ಮುಂದಿದೆ, ತೀರ್ಪು ಅಲ್ಲಿ ಬರಲಿ. ನನಗೆ ಕಾಡಿದ್ದು ತನಿಖೆಯಲ್ಲಿ ಎದ್ದ ಇನ್ನೊಂದು ಪ್ರಶ್ನೆ: ಗಣ್ಯರಿಗಿರುವ ಶಿಷ್ಟಾಚಾರದ ದಾರಿ ಬಳಕೆಯಾಗಿತ್ತಾ ಅನ್ನೋದು. ಆ ದಾರಿ ಇದೆ ಅನ್ನೋದು ಎಲ್ಲರಿಗೂ ಗೊತ್ತಿರುವ ವಿಷಯವೇ. ಎಲ್ಲಿಸ್ ದ್ವೀಪದ ಮೊದಲ ದರ್ಜೆ ನೆನಪು ಮಾಡಿಕೊಳ್ಳಿ. ಇನ್ನೊಂದು ಕಡೆ 2016ರ ಬ್ಯಾಗೇಜ್ ನಿಯಮ ನೋಡಿ. ಅದು ಜಾರಿಯಲ್ಲಿದ್ದಾಗ ವರ್ಷಕ್ಕಿಂತ ಹೆಚ್ಚು ಕಾಲ ಹೊರಗಿದ್ದು ಮರಳುವ ಹೆಣ್ಣುಮಗಳು 40 ಗ್ರಾಂ ಒಡವೆ ತರಬಹುದಿತ್ತು, ಆದರೆ ಬೆಲೆ ಒಂದು ಲಕ್ಷ ದಾಟಬಾರದಿತ್ತು. ಚಿನ್ನದ ಬೆಲೆ ಏರುತ್ತಾ ಹೋದ ಹಾಗೆ ಆ 40 ಗ್ರಾಂ ಕಾಗದದ ಮೇಲಷ್ಟೇ ಉಳಿಯಿತು. ಮನೆಕೆಲಸಕ್ಕೆ ಕುವೈತ್‌ಗೆ ಹೋಗಿ ಮರಳಿದವಳು ಕೊರಳ ಸರಕ್ಕೆ ರಸೀದಿ ಹುಡುಕುತ್ತಾ ಮೇಜಿನ ಮುಂದೆ ನಿಂತಳು.

ಕೇಂದ್ರ ಸರ್ಕಾರ 2024ರ ಜೂನ್ 22ರಂದು ದೆಹಲಿಯಲ್ಲಿ ಫಾಸ್ಟ್ ಟ್ರ್ಯಾಕ್ ಇಮಿಗ್ರೇಷನ್ ಶುರು ಮಾಡಿತು. ಮೊದಲೇ ಆನ್‌ಲೈನ್ ಅರ್ಜಿ ಹಾಕಿ, ಬೆರಳಚ್ಚು ಕೊಟ್ಟು, ಪರಿಶೀಲನೆ ಮುಗಿಸಿಕೊಂಡವರಿಗೆ ಇ-ಗೇಟ್ ತಾನೇ ತೆರೆದುಕೊಳ್ಳುತ್ತೆ. ಒಳ್ಳೆಯ ಯೋಜನೆ, ಮೆಚ್ಚುತ್ತೇನೆ. ನಾನು ಕೇಳುತ್ತಿರುವ ಕ್ರಮಬದಲಾವಣೆ ಇದೇ: ತಪಾಸಣೆ ಮೊದಲು, ಪ್ರಯಾಣ ಆಮೇಲೆ. ಆದರೆ ಅರ್ಜಿ ಹಾಕುವವರು ಯಾರು? ತಿಂಗಳಿಗೊಮ್ಮೆ ಹಾರುವ ಕಂಪನಿ ಅಧಿಕಾರಿ ಹಾಕ್ತಾನೆ. ಎರಡು ವರ್ಷಕ್ಕೊಮ್ಮೆ ರಜೆಗೆ ಬರುವ ಗಾರೆ ಕೆಲಸದವನಿಗೆ ಇಂಥದ್ದೊಂದು ಇದೆ ಅಂತ ಹೇಳಿದವರು ಯಾರು? ಅವನ ಪಾಸ್‌ಪೋರ್ಟ್ ಮಾಡಿಸುವಾಗಲೇ ಬೆರಳಚ್ಚು ತೆಗೆದುಕೊಂಡಿರುತ್ತಾರಲ್ಲ, ಅದನ್ನೇ ಇಲ್ಲಿಗೆ ಜೋಡಿಸಿ, ಅರ್ಜಿಯ ಗೊಡವೆಯೇ ಇಲ್ಲದ ಹಾಗೆ ಮಾಡೋಕೆ ಏನು ಅಡ್ಡಿ?

2025ರ ಜನವರಿ 16ರಂದು ಈ ಸೌಲಭ್ಯ ಇನ್ನೂ ಏಳು ನಿಲ್ದಾಣಗಳಿಗೆ ಬಂತು. ಪಟ್ಟಿಯಲ್ಲಿ ಮುಂಬೈ, ಚೆನ್ನೈ, ಕೋಲ್ಕತ್ತಾ, ಹೈದರಾಬಾದ್, ಕೊಚ್ಚಿ, ಅಹಮದಾಬಾದ್ ಇದ್ದವು, ನಮ್ಮ ಬೆಂಗಳೂರೂ ಇತ್ತು. ಗಲ್ಫ್‌ನಿಂದ ದುಡಿದು ಬರುವವರನ್ನೇ ಹೊತ್ತ ವಿಮಾನಗಳು ಇಳಿಯುವ ಮಂಗಳೂರು ಅದರಲ್ಲಿ ಇರಲಿಲ್ಲ.